ಯಜಮಾನ ಕೂರುವ ಹಾಗಿಲ್ಲ

ನಮ್ಮ ಮನೆಯಲ್ಲಿ ಜಗಳ ಶುರುವಾದದ್ದು ಮೆಣಸಿನಕಾಯಿ ಸುಡುವ ದಿನ. ಸೆಪ್ಟೆಂಬರ್ ಕೊನೆಯ ವಾರ ವಾಲ್ಯೆವೊ ಊರಿನಲ್ಲಿ ಹೊಗೆಯಾಡದ ಅಂಗಳವೇ ಇರುವುದಿಲ್ಲ. ನಮ್ಮ ಅಂಗಳದಲ್ಲೂ ಮೂವತ್ತು ಕಿಲೋ ಕೆಂಪು ದಪ್ಪ ಮೆಣಸಿನಕಾಯಿ ರಾಶಿ ಬಿದ್ದಿತ್ತು. ಮಗ ರೆಲ್ಯಾ ಒಲೆಯ ಮೇಲೆ ಒಂದೊಂದನ್ನೇ ತಿರುವಿ ಸುಡುತ್ತಿದ್ದ. ನಾನೂ ನನ್ನ ಗಂಡ ಬೊರಿಶಾನೂ ಸಿಪ್ಪೆ ಸುಲಿಯುತ್ತಿದ್ದೆವು. ಬೊರಿಶಾನಿಗೆ ಬಲಗಡೆ ಸೊಂಟದ ಕೀಲು ಸವೆದಿದೆ, ಅರ್ಧ ಗಂಟೆಗಿಂತ ಹೆಚ್ಚು ನಿಂತರೆ ಮುಖ ಬಿಳಿಚಿಕೊಳ್ಳುತ್ತದೆ. ಅದಕ್ಕೇ ಅವನಿಗೊಂದು ಎತ್ತರದ ಸ್ಟೂಲು. ಅದರ ಮೇಲೆ ಕೂತೇ ಸುಲಿಯುವುದು, ಅದರ ಮೇಲೆ ಕೂತೇ ಗಿಟಾರ್ ಅಭ್ಯಾಸ.

ಬೆಳ್ಳುಳ್ಳಿ ತರಲು ಸಂತೆಗೆ ಹೋಗಿದ್ದ ಅತ್ತೆ ಬರಿಗೈಯಲ್ಲಿ ಬಂದರು. ಬರಿಗೈ ಅಂದೆನೇ? ಕೈಯಲ್ಲಿ ಗೋಡೆಯಿಂದ ಕಿತ್ತು ತಂದ ಒಂದು ಪೋಸ್ಟರ್ ಇತ್ತು. ನಮ್ಮ ಅತ್ತೆ ಕೊಸಾರಾಗೆ ಎಂಬತ್ತಾರು ವರ್ಷ, ಗೋಡೆಗೆ ಅಂಟಿಸಿದ್ದನ್ನು ಕೀಳುವಷ್ಟು ಶಕ್ತಿ ಉಗುರಿನಲ್ಲಿ ಇನ್ನೂ ಇದೆ.

"ಇದ್ಯಾರು?" ಅಂತ ಮಗನ ಮುಂದೆ ಹಿಡಿದರು.

"ನಾನೇ ಅಮ್ಮಾ. ಚೆನ್ನಾಗಿ ಬಂದಿದೆಯಲ್ಲಾ?"

"ಮುಖ ಗೊತ್ತಾಗತ್ತೆ, ಹೆತ್ತಿದ್ದು ನಾನೇ. ಕೆಳಗಡೆ ಏನು ಬರೆದಿದಾರೆ, ಅದನ್ನ ಓದು. ನಂಗೆ ಕನ್ನಡಕ ಇಲ್ಲ."

ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು. ಬೊರಿಶಾ ಓದಿದ. "ಎರಡನೇ ಪಾಳಿ. ನಲವತ್ತು ವರ್ಷ. ಬೆಲ್‌ಗ್ರೇಡ್. ಶನಿವಾರ, ನವೆಂಬರ್ ಹದಿನಾರು." ಅಷ್ಟು ಹೇಳಿ ಬಾಯಿ ಹಾಗೇ ತೆರೆದುಕೊಂಡು ಉಳಿದ. ಕೈಯಲ್ಲಿದ್ದ ಮೆಣಸಿನಕಾಯಿ ಪ್ಯಾಂಟಿನ ಮೇಲೆ ಬಿತ್ತು.

ನನಗೂ ಆಗಲೇ ಹೊಳೆದದ್ದು. ಅಯ್ಯೋ ದೇವರೇ! ನವೆಂಬರ್ ಹದಿನಾರು ನಮ್ಮ ಸ್ಲಾವಾ. ನಮ್ಮ ಮನೆತನದ ಸಂತ ಜೋರ್ಜೆಯ ದಿನ.

ಮಗುವಿನ ಹುಟ್ಟುಹಬ್ಬ ಬೇಕಾದರೆ ಮುಂದಕ್ಕೆ ಹಾಕಬಹುದು. ಮದುವೆ ಮುಂದಕ್ಕೆ ಹಾಕಬಹುದು. ಸ್ಲಾವಾ ಹಾಗಲ್ಲ, ಆ ದಿನಕ್ಕೆ ಆ ದಿನವೇ. ಬೆಳಿಗ್ಗೆ ಮೇಣದಬತ್ತಿ ಹಚ್ಚಿ, ಹಬ್ಬದ ರೊಟ್ಟಿಗೆ ವೈನ್ ಎರೆದು, ಅದನ್ನು ತಿರುಗಿಸಿ ಮುರಿದರೆ ಆಮೇಲೆ ಬಾಗಿಲು ಮುಚ್ಚುವಂತಿಲ್ಲ. ಯಾರನ್ನೂ ಕರೆಯುವುದಿಲ್ಲ, ನೆನಪಿದ್ದವರು ತಾವಾಗಿ ಬರುತ್ತಾರೆ. ಮನೆಯ ಯಜಮಾನ ದಿನವಿಡೀ ನಿಂತೇ ಬಡಿಸಬೇಕು, ಕೂರುವ ಹಾಗಿಲ್ಲ. ಕೊನೆಯ ಅತಿಥಿ ಉಂಡ ಮೇಲೆಯೇ ವೈನ್ ಹನಿಸಿ ಮೇಣದಬತ್ತಿ ಆರಿಸಬೇಕು. ನಮ್ಮ ಮಾವ ತೀರಿಕೊಂಡ ವರ್ಷದಿಂದ ಬೊರಿಶಾನೇ ನಿಲ್ಲುತ್ತಿದ್ದಾನೆ. ಅದೇ ವರ್ಷ ಅವನು 'ಎರಡನೇ ಪಾಳಿ' ಬ್ಯಾಂಡ್ ಕಟ್ಟಿದ್ದು. ಎರಡಕ್ಕೂ ನಲವತ್ತು ವರ್ಷ.

"ಗೋಡೆ ಮೇಲೆ ಕ್ಯಾಲೆಂಡರ್ ಇದೆ," ಅಂದರು ಅತ್ತೆ. "ಚರ್ಚಿನದು. ಹದಿನಾರನೇ ತಾರೀಕಿಗೆ ನಾನೇ ಸುತ್ತು ಹಾಕಿದೀನಿ. ಕೆಂಪು ಪೆನ್ನಲ್ಲಿ!"

"ಫೋನಲ್ಲಿ ತಾರೀಕು ನೋಡಿ ಕರಾರಿಗೆ ಸಹಿ ಹಾಕ್ದೆ ಅಮ್ಮಾ. ಫೋನಲ್ಲಿ ಬರೀ ಶನಿವಾರ ಅಂತ ಇತ್ತು."

"ಫೋನಿಗೇನು ಗೊತ್ತು ನಿಮ್ಮಪ್ಪ ಯಾರು ಅಂತ?"

ರೆಲ್ಯಾ ಒಲೆಯ ಮುಂದಿನಿಂದ ಒಮ್ಮೆ ತಿರುಗಿ ನೋಡಿದ. ಆ ಸಂಜೆ ಊಟಕ್ಕೂ ಕೆಳಗೆ ಬರಲಿಲ್ಲ.

ನನ್ನ ಗಂಡನ ಬಗ್ಗೆ ನಾನೇ ಹೇಳಿಕೊಂಡರೆ ಜಂಬ ಅಂದುಕೊಳ್ಳುತ್ತೀರಿ. ಅಂದುಕೊಳ್ಳಿ. ಬೋಲ್ಟು ತಯಾರಿಸುವ ಕಾರ್ಖಾನೆಯಲ್ಲಿ ಆಗ ಅವನಿಗೆ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಪಾಳಿ. ಬೆಳಗಿನ ಹೊತ್ತು ಅವನೂ ಸೇರಿ ನಾಲ್ಕು ಹುಡುಗರು ಕ್ಯಾಂಟೀನಿನ ಆಲೂಗಡ್ಡೆ ಗೋದಾಮಿನಲ್ಲಿ ಗಿಟಾರ್ ಬಾರಿಸುತ್ತಿದ್ದರು. ಅದಕ್ಕೇ 'ಎರಡನೇ ಪಾಳಿ' ಅಂತ ಹೆಸರು. ನಾನು ಆಗ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯವಳು. ಅವರ ನಾಲ್ಕು ನೀಲಿ ಕೆಲಸದ ಕೋಟುಗಳನ್ನು ವೇದಿಕೆಗೆ ತಕ್ಕ ಹಾಗೆ ಅಳತೆಗೆ ಹಿಡಿದು ಹೊಲಿದುಕೊಟ್ಟವಳು ನಾನು. ಇವತ್ತಿಗೂ ಅವೇ ಕೋಟು, ಸುತ್ತಳತೆ ಮಾತ್ರ ಮೂರು ಸಲ ಬಿಚ್ಚಿ ಅಗಲ ಮಾಡಿದ್ದೇನೆ. 'ಹತ್ತು ಗಂಟೆಯ ಸೈರನ್' ಅನ್ನುವ ಅವನ ಹಾಡು ರೇಡಿಯೋದಲ್ಲಿ ಬಂದ ಚಳಿಗಾಲ ಲ್ಯುಬ್ಲ್ಯಾನಾದಿಂದ ಸ್ಕೋಪ್ಯೆವರೆಗೆ ಹುಡುಗರು ಅದನ್ನೇ ಶಿಳ್ಳೆ ಹಾಕುತ್ತಿದ್ದರು. ಹನ್ನೊಂದು ರೆಕಾರ್ಡು. ಒಂದರಲ್ಲೂ ಯಾರನ್ನೂ ಹೊಗಳಿಲ್ಲ, ಯಾರ ಪಕ್ಷಕ್ಕೂ ಹಾಡಿಲ್ಲ.

ಬೆಲ್‌ಗ್ರೇಡಿನ ದೊಡ್ಡ ಸಭಾಂಗಣ ಒಂದೇ ಬಾಕಿ ಉಳಿದದ್ದು. ತೊಂಬತ್ತೊಂದರಲ್ಲಿ ಪೋಸ್ಟರ್ ಹಚ್ಚಿ, ಟಿಕೆಟ್ ಮಾರಿ ಆಗಿತ್ತು. ಅಷ್ಟರಲ್ಲಿ ಬಾಸ್ ಗಿಟಾರ್ ಬಾರಿಸುವ ಶಿಲ್ಯಾನಿಗೆ ಯುದ್ಧಕ್ಕೆ ಬಾ ಅಂತ ಚೀಟಿ ಬಂತು. ಬೇರೆ ಯಾರನ್ನಾದರೂ ನಿಲ್ಲಿಸಿ ನಡೆಸು ಅಂತ ಎಲ್ಲರೂ ಹೇಳಿದರು. ಬೊರಿಶಾ ಕೇಳಲಿಲ್ಲ, ಕಾರ್ಯಕ್ರಮ ನಿಂತಿತು. ಶಿಲ್ಯಾ ವಾಪಸು ಬಂದಾಗ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಆಗಲೂ ಎಲ್ಲರೂ ಅದೇ ಮಾತು. ನನ್ನ ಗಂಡ ಏನು ಮಾಡಿದ ಗೊತ್ತೆ? ಎರಡು ವರ್ಷ ಕೂತು, ಇದ್ದ ಅಷ್ಟೂ ಹಾಡುಗಳ ಬಾಸನ್ನು ಹೆಬ್ಬೆರಳು ಬಿಟ್ಟು ಉಳಿದ ಎರಡು ಬೆರಳಿಗೆ ಹೊಂದುವ ಹಾಗೆ ಮತ್ತೆ ಕಟ್ಟಿದ. ಇಂಥವನನ್ನು ಕಟ್ಟಿಕೊಂಡು ಸಾಕಾಗಿ ಹೋಗಿದೆ ಅಂತ ನಾನು ದಿನಕ್ಕೆ ಹತ್ತು ಸಲ ಅನ್ನುತ್ತೇನೆ. ಬೇರೆಯವರು ಅಂದರೆ ಮಾತ್ರ ಸುಮ್ಮನಿರುವುದಿಲ್ಲ.

ಅದೇ ಸಭಾಂಗಣ ಮೂವತ್ತಮೂರು ವರ್ಷದ ಮೇಲೆ ಮತ್ತೆ ಒದಗಿತ್ತು. ಈಗ ಅದು ಸ್ಲಾವಾದ ದಿನವೇ ಬಂದು ಕೂತಿತ್ತು.

ಅಕ್ಟೋಬರ್ ಬಂದರೂ ಅತ್ತೆ ಮಗನ ಜೊತೆ ಮಾತಾಡಲಿಲ್ಲ. ಮಾತಾಡಬೇಕಾದ್ದನ್ನೆಲ್ಲ ನನ್ನ ಮೂಲಕ ಆಡಿದರು, ಅವನು ಎದುರಿಗೇ ಕೂತಿದ್ದರೂ.

"ದ್ರಿಂಕಾ, ಉಪ್ಪು ಬೇಕಾ ಕೇಳೇ ಅವನ್ನ."

"ಬೇಕಂತೆ ಅತ್ತೆ."

"ಬೆಲ್‌ಗ್ರೇಡಲ್ಲಿ ಸಿಗತ್ತೆ ಅಂತ ಹೇಳು."

ಬೊರಿಶಾ ಚಮಚ ಕೆಳಗಿಟ್ಟ. "ಅಮ್ಮಾ, ತಾರೀಕು ಬದಲಾಯಿಸೋಕೆ ಆಗತ್ತಾ ಅಂತ ಕೇಳ್ದೆ. ಮಾರ್ಚ್ ತನಕ ಒಂದು ದಿನಾನೂ ಖಾಲಿ ಇಲ್ಲ. ಟಿಕೆಟ್ಟೂ ಮುಗಿದಿದೆ. ನಾಲ್ಕು ಸಾವಿರ ಜನ!"

"ನಾಲ್ಕು ಸಾವಿರ ಜನ ಬಂದು ಸಂತ ಜೋರ್ಜೆಗೆ ಉತ್ತರ ಹೇಳ್ತಾರಾ ಕೇಳೇ ದ್ರಿಂಕಾ."

"ನೀವೇ ಕೇಳಿ ಅತ್ತೆ, ನನ್ನ ಸೂಪು ಆರಿ ಹೋಗ್ತಿದೆ," ಅಂದೆ. ತಲೆ ಚಿಟ್ಟು ಹಿಡಿದುಹೋಗಿತ್ತು ನನಗೆ.

ನಲವತ್ತು ವರ್ಷದಲ್ಲಿ ಅತ್ತೆ ಮಗನ ಒಂದು ಕಾರ್ಯಕ್ರಮಕ್ಕೂ ಹೋದವರಲ್ಲ. ಅದನ್ನು ಅವರು ಕರೆಯುವುದೇ ಕಿರುಚಾಟ ಅಂತ. ಆದರೆ ಅವನ ಬಗ್ಗೆ ಪತ್ರಿಕೆಯಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿರುವುದು ನನಗೆ ಗೊತ್ತು, ನನಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲ.

ಬೊರಿಶಾ ಕೊನೆಗೆ ಒಂದು ದಾರಿ ಹುಡುಕಿದ. ಕೋಸು ಹುಳಿ ಹಾಕುವ ದಿನ ಬಾಯಿಬಿಟ್ಟ. ಪೀಪಾಯಿ ಹೊರಗೆ ತಂದಿದ್ದೆವು. ನಾನು ಕೋಸಿನ ದಿಂಡು ಕೆತ್ತಿ ಉಪ್ಪು ತುಂಬಿ ಕೊಡುವುದು, ರೆಲ್ಯಾ ಒತ್ತೊತ್ತಾಗಿ ಜೋಡಿಸುವುದು.

"ರೆಲ್ಯಾ, ಈ ವರ್ಷ ಸ್ಲಾವಾಗೆ ನೀನು ನಿಂತ್ಕೋತೀಯಾ? ಬೆಳಿಗ್ಗೆ ರೊಟ್ಟಿ ಮುರಿಯೋಕೆ ನಾನಿರ್ತೀನಿ. ಮೂರು ಗಂಟೆಗೆ ಹೊರಡ್ತೀನಿ. ಅಲ್ಲಿಂದ ಮುಂದೆ ನೀನು."

ರೆಲ್ಯಾ ಮೂವತ್ತಾರರ ಗಂಡಸು, ಮನೆಮನೆಗೆ ಹೋಗಿ ಬಿಸಿನೀರಿನ ಕೊಳವೆ ಜೋಡಿಸುವ ಕೆಲಸ. ಮಾತು ಕಡಿಮೆ. ಅವನು ಪೀಪಾಯಿಯೊಳಗಿಂದ ಕೈ ತೆಗೆದು ನೀರು ಕೊಡವಿದ.

"ಇಲ್ಲ."

"ಯಾಕೋ?"

"ನಾನು ಕಾಲು ಮುರ್ಕೊಂಡಾಗ ನೀನೆಲ್ಲಿದ್ದೆ?"

"ನಿಶ್‌ನಲ್ಲಿ ಕಾರ್ಯಕ್ರಮ..."

"ಶಾಲೆ ಮುಗಿದು ಎಲ್ಲರ ಅಪ್ಪಂದಿರೂ ಬಂದಿದ್ರಲ್ಲ, ಆವತ್ತು?"

ಬೊರಿಶಾ ಪೀಪಾಯಿಯ ಕಡೆ ನೋಡಿದ.

"ಸ್ಕೋಪ್ಯೆಲಿ ಇದ್ದೆ ನೀನು. ಅಮ್ಮ ಒಬ್ಳೇ ಬಂದಿದ್ಲು. ನಾನು ಅಳ್ಲಿಲ್ಲ. ಯಾಕೆ ಗೊತ್ತಾ? ನವೆಂಬರ್ ಹದಿನಾರಕ್ಕೆ ಅಪ್ಪ ಮನೇಲಿರ್ತಾನೆ ಅಂತ ನಂಗೊತ್ತಿತ್ತು. ವರ್ಷಕ್ಕೆ ಒಂದು ದಿನ ಅಪ್ಪಾ! ಆವತ್ತೂ ನೀನು ಬೇರೆಯವ್ರಿಗೆ ಬಡಿಸ್ತಾ ಇರ್ತಿದ್ದೆ. ಆದ್ರೂ ಮನೇಲಿರ್ತಿದ್ದೆ. ನಾನು ಮೇಜಿನ ಕೆಳಗೆ ಕೂತು ನಿನ್ನ ಬೂಟು ನೋಡ್ತಿದ್ದೆ. ಈಗ ಅದನ್ನೂ ಅವ್ರಿಗೇ ಕೊಟ್ಬಿಡು."

ನನ್ನ ಕೈಯಲ್ಲಿದ್ದ ಕೋಸು ಕೈಯಲ್ಲೇ ಉಳಿಯಿತು. ಹೆತ್ತವಳು ನಾನು, ಮೂವತ್ತಾರು ವರ್ಷ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ.

ಬೊರಿಶಾ ಸ್ಟೂಲಿನಿಂದ ನಿಧಾನವಾಗಿ ಇಳಿದ. ಕುಂಟುತ್ತಾ ಒಳಗೆ ಹೋದ. ಕಿಟಕಿಯಿಂದ ಅವನ ಧ್ವನಿ ಕೇಳಿಸಿತು, ಬೆಲ್‌ಗ್ರೇಡಿನಲ್ಲಿ ಕಾರ್ಯಕ್ರಮ ನಡೆಸುವ ಹುಡುಗಿಗೆ ಫೋನು.

"ಇಲ್ಲಮ್ಮ, ಹುಷಾರಾಗಿದೀನಿ. ನಮ್ಮನೇಲಿ ಸ್ಲಾವಾ. ತಪ್ಪು ನಂದೇ. ಇಲ್ಲ, ನಾನು ಬರೋಕಾಗಲ್ಲ... ಅಳ್ಬೇಡಮ್ಮ... ಸೋಮವಾರದ ತನಕ ಯಾರಿಗೂ ಹೇಳಲ್ಲ, ಸರಿ. ಆದ್ರೆ ಸೋಮವಾರಾನೂ ಇದನ್ನೇ ಹೇಳ್ತೀನಿ."

ಅಂಗಳದಲ್ಲಿ ನಾನು, ರೆಲ್ಯಾ, ಅತ್ತೆ ಮೂವರೂ ಅದನ್ನು ಕೇಳಿದೆವು. ಅತ್ತೆ ಗೆದ್ದಿದ್ದರು. ಗೆದ್ದವರ ಮುಖ ಅಷ್ಟು ಬಾಡಿರುವುದನ್ನು ನಾನು ಎಲ್ಲೂ ಕಂಡಿಲ್ಲ.

ಮಾರನೆಯ ದಿನ ಭಾನುವಾರ. ಮಧ್ಯಾಹ್ನ ಊಟದ ಹೊತ್ತಿಗೆ ಶಿಲ್ಯಾ ಬಂದ. ಬಾಗಿಲು ತಟ್ಟುವ ಅಭ್ಯಾಸ ಅವನಿಗೆ ಮೊದಲಿಂದಲೂ ಇಲ್ಲ. ಅರವತ್ತೇಳು ವಯಸ್ಸು, ಜಿರಾಫೆಯಂಥ ಉದ್ದ. ನಾನು ತಟ್ಟೆ ಇಟ್ಟೆ. ಅವನು ತಟ್ಟೆ ಸರಿಸಿದ. ಶಿಲ್ಯಾ ತಟ್ಟೆ ಸರಿಸಿದ್ದಾನೆ ಅಂದರೆ ವಿಷಯ ಕೆಟ್ಟಿದೆ ಅಂತಲೇ ಲೆಕ್ಕ.

"ಲೋ ಬೊರಿಶಾ! ಆ ಹುಡುಗಿ ನಂಗೆ ಫೋನ್ ಮಾಡಿದ್ಲು. ಮೂವತ್ತಮೂರು ವರ್ಷ ಕಾದಿದೀನಿ ಕಣೋ ಆ ಜಾಗಕ್ಕೆ. ನನ್ನಿಂದ ಒಂದು ಸಲ ತಪ್ಪಿತು. ಅದನ್ನ ಹೊತ್ಕೊಂಡೇ ಓಡಾಡ್ತಿದೀನಿ. ಈಗ ನೀನು ತಪ್ಪಿಸ್ತೀಯಾ?"

"ನಮ್ಮ ಸ್ಲಾವಾ ಕಣೋ."

"ನಿಮ್ಮ ಸ್ಲಾವಾ ನಂಗೊತ್ತಿಲ್ವಾ? ನಲವತ್ತು ವರ್ಷದಿಂದ ಇಲ್ಲೇ ತಿಂತಿದೀನಿ! ಅವರು ಎರಡು ದಿನ ಕೊಟ್ಟಿದ್ರಂತೆ. ಒಂಬತ್ತು, ಹದಿನಾರು. ಒಂಬತ್ತು ಯಾಕೆ ಬೇಡ ಅಂದೆ? ಕತ್ತೆ ಹಾಗೆ ಹದಿನಾರಕ್ಕೆ ಸಹಿ ಯಾಕೆ ಹಾಕ್ದೆ?"

ಬೊರಿಶಾ ಸೂಪಿನ ಬಟ್ಟಲು ನೋಡುತ್ತಾ ಕೂತಿದ್ದ.

"ಹೇಳೋ!"

"ಕತ್ತೆ ನೀನು," ಅಂದ ಬೊರಿಶಾ. "ಎಂಟಕ್ಕೆ ನಿಮ್ಮನೆ ಸ್ಲಾವಾ. ಸಂತ ದಿಮಿತ್ರಿ. ಒಂಬತ್ತು ಅದರ ಎರಡನೇ ದಿನ, ನಿನ್ನ ನೆಂಟರೆಲ್ಲ ಹಳ್ಳಿಯಿಂದ ಬರೋ ದಿನ. ನಿನ್ನ ಮನೆ ಬಿಡಿಸಿ ನಿನ್ನ ಕರ್ಕೊಂಡು ಹೋಗ್ಲಾ? ಅದಕ್ಕೇ ಒಂಬತ್ತು ಬೇಡವೇ ಬೇಡ, ಹದಿನಾರು ಕೊಡಿ ಅಂದೆ. ನಿಮ್ಮನೇದೇ ತಲೆ ತುಂಬಾ ಇತ್ತು. ನಮ್ಮದು ಮರ್ತೇಹೋಯ್ತು."

ಶಿಲ್ಯಾ ತನ್ನ ಮೂರು ಬೆರಳಿನ ಕೈಯನ್ನು ಮೇಜಿನ ಮೇಲೆ ಇಟ್ಟುಕೊಂಡು ಅದನ್ನೇ ನೋಡಿದ. ಆಮೇಲೆ ತಟ್ಟೆ ಹತ್ತಿರ ಎಳೆದುಕೊಂಡ. ಕಣ್ಣಲ್ಲಿ ನೀರು, ಬಾಯಲ್ಲಿ ಬ್ರೆಡ್ಡು.

"ಊರಿಗೆ ಉಪಕಾರಿ, ಮನೆಗೆ ಮಾರಿ," ಅಂದರು ಅತ್ತೆ. ಹದಿನೈದು ದಿನದಲ್ಲಿ ಮಗನಿಗೆ ನೇರವಾಗಿ ಆಡಿದ ಮೊದಲ ಮಾತು. ಗದರಿಸಿದ ಹಾಗೆ ಅಂದರೇ ಹೊರತು ಧ್ವನಿಯಲ್ಲಿ ಗದರಿಕೆ ಇರಲಿಲ್ಲ.

ರೆಲ್ಯಾ ಎದ್ದು ಹೊರಗೆ ಹೋದ. ಅತ್ತೆ ಕೋಲು ಊರಿಕೊಂಡು ಅವನ ಹಿಂದೆಯೇ ಹೋದರು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಕಿಟಕಿ ಹತ್ತಿರ ನಿಂತೆ. ನೆಪ ಏಕೆ, ಕದ್ದು ಕೇಳಲಿಕ್ಕೇ ನಿಂತೆ.

"ತೊಂಬತ್ಮೂರರ ಸ್ಲಾವಾ ನೆನಪಿದೆಯೇನೋ?" ಅಂದರು ಅತ್ತೆ.

"ಐದು ವರ್ಷ ಅಜ್ಜಿ ನಂಗೆ. ಕೇಕಿಗೆ ಅತ್ತಿದ್ದು ನೆನಪಿದೆ. ಹಬ್ಬಕ್ಕೆ ಬೇಯಿಸೋ ಗೋಧಿಗೆ ಸಕ್ಕರೇನೂ ಹಾಕಿರ್ಲಿಲ್ಲ."

"ಇದ್ರೆ ತಾನೇ ಹಾಕೋಕೆ? ಯುದ್ಧದ ವರ್ಷ, ಅಂಗಡಿಗಳೆಲ್ಲ ಖಾಲಿ. ಆವತ್ತು ಬೆಳಿಗ್ಗೆ ಒಬ್ಬ ಬಂದಿದ್ದ. ಗಡಿಯಾಚೆಯಿಂದ ಸಿಗರೇಟು ಕದ್ದು ತರೋನು, ಕುತ್ತಿಗೇಲಿ ಹಗ್ಗದಷ್ಟು ದಪ್ಪ ಚಿನ್ನದ ಸರ. ತನ್ನ ಮಗನ ಮದುವೆ, ಬಂದು ಸಂಜೆ ಹಾಡು ಅಂದ. ಗಾಡೀಲಿ ಒಂದು ಇಡೀ ಹಂದಿ, ಒಂದು ಮೂಟೆ ಸಕ್ಕರೆ, ಎರಡು ಡಬ್ಬ ಎಣ್ಣೆ ತಂದಿದ್ದ. ಮುಂಗಡ ಅಂತ. ಒಳಗೆ ಒಲೆ ಮೇಲೆ ಬೀನ್ಸ್ ಬೇಯ್ತಿತ್ತು, ಅದೇ ಹಬ್ಬದೂಟ."

"ಅಪ್ಪ ಏನಂದ?"

"ಇವತ್ತು ನಮ್ಮನೆಗೆ ಜನ ಬರ್ತಾರೆ, ನಾನು ನಿಂತಿರಬೇಕು ಅಂದ. ಬಾಗಿಲು ಹಾಕ್ಕೊಂಡ."

ರೆಲ್ಯಾ ಅಜ್ಜಿಯ ಕಡೆ ತಿರುಗಿದ. "ಅಂದ್ರೆ ಆವತ್ತು ನಮಗೆ ಕೇಕ್ ಸಿಗದೇ ಇದ್ದಿದ್ದು ಅಪ್ಪನಿಂದ!"

"ಹೂಂ ಮತ್ತೆ! ಹನ್ನೊಂದು ಜನ ಬಂದ್ರು. ಹನ್ನೊಂದು ಜನಕ್ಕೂ ನಿಂತೇ ಬೀನ್ಸ್ ಬಡಿಸ್ದ, ರಾಜನ ಮನೆ ಊಟದ ಹಾಗೆ. ಅವನೆಷ್ಟು ಕಿರುಚ್ತಾನೋ ನಂಗೊತ್ತಿಲ್ಲ ಮಗಾ. ನಿಂತಿದ್ದು ಮಾತ್ರ ನಾನು ನೋಡಿದೀನಿ." ಅತ್ತೆ ಮೂಗು ಒರೆಸಿಕೊಂಡರು. "ನಿನ್ನೆ ಫೋನಲ್ಲಿ ಆ ಹುಡುಗಿಗೆ ಬರಲ್ಲ ಅಂದ್ನಲ್ಲ, ಆವಾಗ ಆ ಹಂದಿ ನೆನಪಾಯ್ತು ನಂಗೆ. ಎಷ್ಟು ಸಲ ಅಂತ ಬೇಡ ಅನ್ನಬೇಕು ಅವನು ನಮಗೋಸ್ಕರ?"

ರೆಲ್ಯಾ ಒಳಗೆ ಬಂದಾಗ ಶಿಲ್ಯಾ ಎರಡನೇ ಸಲ ಸೂಪು ಹಾಕಿಸಿಕೊಳ್ಳುತ್ತಿದ್ದ. ರೆಲ್ಯಾ ಅಪ್ಪನ ಎದುರು ನಿಂತ.

"ಆ ಹುಡುಗಿಗೆ ಫೋನ್ ಮಾಡು. ಬರ್ತೀನಿ ಅನ್ನು."

"ರೆಲ್ಯಾ, ನೀನು ಹೇಳಿದ್ದು ಸರಿ ಇತ್ತು. ನಾನು..."

"ನೀನು ಮನೇನ ಆರಿಸ್ಕೊಂಡೆ. ನಂಗೆ ಅಷ್ಟೇ ಬೇಕಾಗಿದ್ದಿದ್ದು, ಸಿಕ್ತು. ಈಗ ಹೋಗು. ಮನೆಗೆ ಒಬ್ಬ ಯಜಮಾನ ಬೇಕು ತಾನೇ? ನಾನು ನಿಂತ್ಕೋತೀನಿ."

ವೇದಿಕೆಯ ಮೇಲೆ ಸಾವಿರ ಜನರ ಮುಂದೆ ಬಾಯಿ ಸೋಲದ ಬೊರಿಶಾ, ಸ್ವಂತ ಮಗನಿಗೆ ಒಂದು ಮಾತು ಹೇಳಲಿಕ್ಕೆ ಆಗದೆ ಉಪ್ಪಿನ ಡಬ್ಬಿಯನ್ನು ಆ ಕಡೆಯಿಂದ ಈ ಕಡೆಗೆ ಇಟ್ಟ. ನಾನಂತೂ ಪಾತ್ರೆ ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡೆ.

"ಹೆಂಡತಿ ಇಲ್ಲ, ಮಕ್ಕಳಿಲ್ಲ, ಇವನು ಯಜಮಾನನಂತೆ!" ಅಂದರು ಬಾಗಿಲಲ್ಲಿ ನಿಂತ ಅತ್ತೆ. "ಕೂಸು ಹುಟ್ಟೋ ಮುಂಚೆ ಕುಲಾವಿ."

"ಕುಲಾವಿ ನೋಡಿ ಯಾವಳಾದ್ರೂ ಬರ್ತಾಳೇನೋ ಬಿಡಜ್ಜಿ," ಅಂದ ರೆಲ್ಯಾ. ಶಿಲ್ಯಾ ಸೂಪು ನೆತ್ತಿಗೇರುವಷ್ಟು ನಕ್ಕ.

ಆಮೇಲಿನ ದಿನಗಳು ಹೇಗೆ ಹೋದವೋ ಗೊತ್ತಿಲ್ಲ. ನಾನೂ ನನ್ನ ತಂಗಿ ನಾದಾಳೂ ಏಳು ಬಗೆಯ ಸಿಹಿ ಬಿಸ್ಕತ್ತು ಮಾಡಿದೆವು. ಪಾದ್ರಿ ಬಂದು ನೀರು ಮಂತ್ರಿಸಿ ಹೋದರು, ಆ ನೀರಲ್ಲಿ ಅತ್ತೆ ಹಬ್ಬದ ರೊಟ್ಟಿ ನಾದಿದರು. ಹುಳಿ ಕೋಸಿನೆಲೆಯಲ್ಲಿ ಮಾಂಸ, ಅಕ್ಕಿ ಸುತ್ತಿ ಇನ್ನೂರು ಸಾರ್ಮಾ ಮಾಡಿಟ್ಟೆ. ಸಂಜೆ ಹೊತ್ತು ಬೊರಿಶಾ ರೆಲ್ಯಾನಿಗೆ ಪಾಠ ಹೇಳುವುದು ಕೇಳಿಸುತ್ತಿತ್ತು. ಮೊದಲು ಬೇಯಿಸಿ ಸಕ್ಕರೆ ಹಾಕಿದ ಗೋಧಿ ಮುಂದಿಡಬೇಕು, ಆಮೇಲೆ ಹಣ್ಣಿನ ಸಾರಾಯಿ, ರಾಕಿಯಾ. ಮುದುಕರ ಲೋಟ ಖಾಲಿ ಬಿಡಬಾರದು, ಕಾರು ಓಡಿಸುವವರಿಗೆ ಒತ್ತಾಯ ಮಾಡಬಾರದು. ಬಂದವರ ಕೋಟು ಎಲ್ಲಿ ನೇತುಹಾಕಿದೆ ಅಂತ ನೆನಪಿರಬೇಕು. ನಾನು ಒಳಗೆ ನೀಲಿ ಕೋಟಿನ ತೋಳಿಗೆ ತೇಪೆ ಹಾಕುತ್ತಾ ಕೂತಿದ್ದೆ.

ಹದಿನಾರರ ಬೆಳಿಗ್ಗೆ ಐದಕ್ಕೇ ಬೊರಿಶಾ ಬಿಳಿ ಅಂಗಿ ಹಾಕಿ ಎದ್ದು ನಿಂತ. ಮೇಣದಬತ್ತಿ ಹಚ್ಚಿದ. ಪಾದ್ರಿ ರೊಟ್ಟಿಗೆ ವೈನ್ ಎರೆದಾಗ, ಅಪ್ಪ ಮಗ ಅದನ್ನು ನಾಲ್ಕು ಕೈಯಲ್ಲಿ ಹಿಡಿದು ತಿರುಗಿಸಿದರು, ಎರಡು ಭಾಗ ಮಾಡಿದರು. ಹನ್ನೆರಡಕ್ಕೆ ಮೊದಲ ಅತಿಥಿ ಬಂದ. ಅಲ್ಲಿಂದ ಮೂರು ಗಂಟೆಯವರೆಗೆ ನನ್ನ ಗಂಡ ಒಂದು ಕ್ಷಣ ಕೂರಲಿಲ್ಲ, ಬಾಗಿಲಿನ ಚೌಕಟ್ಟಿಗೆ ಒರಗಲೂ ಇಲ್ಲ. ಮೂರಕ್ಕೆ ಹೆಗಲ ಮೇಲಿದ್ದ ಬಿಳಿ ಟವೆಲನ್ನು ತೆಗೆದು ರೆಲ್ಯಾನ ಹೆಗಲಿಗೆ ಹಾಕಿದ. ಬಂದಿದ್ದವರೆಲ್ಲ ಎದ್ದು ನಿಂತರು.

ನಾನು ಕೋಟು ಹಾಕಿಕೊಂಡು ಹೊರಬಂದರೆ ಶಿಲ್ಯಾನ ವ್ಯಾನಿನ ಮುಂದಿನ ಸೀಟಿನಲ್ಲಿ ಅತ್ತೆ ಆಗಲೇ ಕೂತಿದ್ದಾರೆ. ತಲೆಗೆ ಹೊಸ ಸ್ಕಾರ್ಫು, ತೊಡೆಯ ಮೇಲೆ ಗೋಧಿಯ ಡಬ್ಬ.

"ಅತ್ತೆ, ನೀವೆಲ್ಲಿಗೆ?"

"ಮನೇಲಿ ಯಜಮಾನ ಇದ್ದಾನೆ. ನಾನ್ಯಾಕೆ? ಆ ಕಿರುಚಾಟ ಏನು ಅಂತ ನೋಡ್ಬಿಡ್ತೀನಿ, ಸಾಯೋ ಮುಂಚೆ."

ಆ ಸಭಾಂಗಣದ ಬಗ್ಗೆ ನಾನೇನು ಹೇಳಲಿ? ನಾಲ್ಕು ಸಾವಿರ ಜನ. ನಮ್ಮ ಕಾಲದವರು, ಅವರ ಮಕ್ಕಳು, ಮೊಮ್ಮಕ್ಕಳು. ಹಳೆಯ ನೀಲಿ ಕೆಲಸದ ಕೋಟು ಹಾಕಿಕೊಂಡು ಬಂದವರೇ ನೂರಾರು ಜನ. ವೇದಿಕೆಯ ನಡುವೆ ಆ ಹುಡುಗಿ ಎತ್ತರದ ಸ್ಟೂಲೊಂದನ್ನು ಇಡಿಸಿದ್ದಳು, ಬೊರಿಶಾನ ಸೊಂಟದ ವಿಷಯ ತಿಳಿದು. ನಾಲ್ವರೂ ಬಂದರು. ಬೊರಿಶಾ ಗಿಟಾರ್ ಹೆಗಲಿಗೆ ಹಾಕಿಕೊಂಡು ಸ್ಟೂಲನ್ನು ನೋಡಿದ, ಒಂದು ಕೈಯಲ್ಲಿ ಎತ್ತಿ ಬದಿಗೆ ಇಟ್ಟ.

ಮೊದಲ ಹಾಡಿಗೆ ಅತ್ತೆ ಎರಡು ಕಿವಿಯನ್ನೂ ಮುಚ್ಚಿಕೊಂಡರು. ಎರಡನೆಯದಕ್ಕೆ ಒಂದು ಕಿವಿ. ಆಮೇಲೆ ಕೈ ತೊಡೆಯ ಮೇಲೆ ಬಂತು. ಒಂದು ಗಂಟೆ ಕಳೆಯುವಷ್ಟರಲ್ಲಿ ಬೊರಿಶಾನ ಮುಖದಲ್ಲಿ ಆ ಬಿಳಿಚಿದ ಬಣ್ಣ ನನಗೆ ಕಂಡಿತು. ಎಡಗಾಲಿನ ಮೇಲೆ ಭಾರ ಹಾಕಿ ನಿಂತಿದ್ದ. ಶಿಲ್ಯಾ ಹತ್ತಿರ ಹೋಗಿ ಏನೋ ಅಂದ, ಸ್ಟೂಲಿನ ಕಡೆ ಕೈ ತೋರಿಸಿದ. ಬೊರಿಶಾ ತಲೆ ಅಲ್ಲಾಡಿಸಿ ಮೈಕಿಗೆ ಬಂದ.

"ಇವತ್ತು ನಮ್ಮನೇಲಿ ಸ್ಲಾವಾ," ಅಂದ. "ನನ್ನ ಜಾಗದಲ್ಲಿ ವಾಲ್ಯೆವೊದಲ್ಲಿ ನನ್ನ ಮಗ ನಿಂತಿದ್ದಾನೆ. ಅವನು ಅಲ್ಲಿ ನಿಂತಿರೋವರೆಗೂ ನಾನು ಇಲ್ಲಿ ಕೂರಲ್ಲ. ನೀವು ಇವತ್ತು ನನ್ನ ಅತಿಥಿಗಳು. ನಿಂತೇ ಬಡಿಸ್ತೀನಿ."

ಆ ಸದ್ದು! ಸೂರು ಕಿತ್ತುಹೋಗುತ್ತದೆ ಅಂದುಕೊಂಡೆ. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ, ಒಲೆಯ ಮುಂದೆ ಕೂತು ನಾನು ಒಳಗೊಳಗೇ ಇಟ್ಟುಕೊಂಡಿದ್ದ ಹೆಮ್ಮೆಯೆಲ್ಲ ಆವತ್ತು ಗಂಟಲಿಗೆ ಬಂತು. ನಾನೂ ಕೂಗಿದೆ, ನಾಚಿಕೆ ಬಿಟ್ಟು ಕೂಗಿದೆ. ಪಕ್ಕದಲ್ಲಿ ಮೂಗಿಗೆ ರಿಂಗು ಚುಚ್ಚಿಸಿಕೊಂಡ ಒಂದು ಹುಡುಗಿ ಕೂತಿದ್ದಳು. ಅತ್ತೆ ಅವಳ ತೋಳು ಹಿಡಿದು ಜಗ್ಗಿದರು.

"ಅವನು ನನ್ನ ಮಗ. ಬೆಳಿಗ್ಗೆ ಐದರಿಂದ ನಿಂತಿದಾನೆ, ಗೊತ್ತಾ? ತಗೋ, ಒಂದು ಚಮಚ ಗೋಧಿ ತಿನ್ನು."

ಆ ಹುಡುಗಿ ಶಿಲುಬೆ ಗುರುತು ಹಾಕಿಕೊಂಡು ತಿಂದಳು. ಅವಳ ಹಿಂದಿನ ಸಾಲಿನವರೂ ಕೈ ಚಾಚಿದರು. 'ಹತ್ತು ಗಂಟೆಯ ಸೈರನ್' ಮುಗಿಯುವಷ್ಟರಲ್ಲಿ ಅತ್ತೆಯ ಡಬ್ಬ ಖಾಲಿಯಾಗಿತ್ತು.

ಊರು ಮುಟ್ಟಿದಾಗ ರಾತ್ರಿ ಹನ್ನೆರಡೂವರೆ. ಮನೆಯ ದೀಪಗಳೆಲ್ಲ ಉರಿಯುತ್ತಿದ್ದವು. ಅತಿಥಿಗಳು ಹೋಗಿದ್ದರು, ನಾದಾ ಸೋಫಾದ ಮೇಲೆ ನಿದ್ದೆ ಹೋಗಿದ್ದಳು. ಊಟದ ಮನೆಯಲ್ಲಿ ರೆಲ್ಯಾ ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತೇ ಇದ್ದ. ಮೇಜಿನ ಮೇಲೆ ಮೇಣದಬತ್ತಿ ನಾಲ್ಕು ಬೆರಳಿನಷ್ಟು ಉಳಿದಿತ್ತು.

"ಎಷ್ಟು ಜನ ಬಂದಿದ್ರು?" ಅಂತ ಕೇಳಿದ ಬೊರಿಶಾ.

"ಐವತ್ತೆರಡು. ಎಲ್ರೂ ನಿನ್ನ ಕೇಳಿದ್ರು. ಬಾರಿಸೋಕೆ ಹೋಗಿದಾನೆ ಅಂದೆ. ಒಳ್ಳೇದಾಯ್ತು ಅಂದ್ರು."

ಬೊರಿಶಾ ಕುಂಟುತ್ತಾ ಹೋಗಿ ವೈನಿನ ಬಟ್ಟಲು ತೆಗೆದುಕೊಂಡ. "ಬಾ, ಮೇಣದಬತ್ತಿ ಆರಿಸು. ಇವತ್ತು ಯಜಮಾನ ನೀನು, ನೀನೇ ಆರಿಸಬೇಕು."

ರೆಲ್ಯಾ ಅವನ ಕೈಯ ಬಟ್ಟಲು ತೆಗೆದು ಪಕ್ಕಕ್ಕಿಟ್ಟ. ಗೋಡೆಯ ಬಳಿಯಿದ್ದ ಕುರ್ಚಿ ಎಳೆದು ಮೇಜಿನ ತಲೆಯ ಕಡೆ ಹಾಕಿದ.

"ಈಗಲೇ ಆರಿಸೋ ಹಾಗಿಲ್ಲ. ಒಬ್ಬ ಅತಿಥಿ ಇನ್ನೂ ಊಟ ಮಾಡಿಲ್ಲ. ಕೂತ್ಕೊ ಅಪ್ಪ."

ಬೊರಿಶಾ ಅಮ್ಮನ ಮುಖ ನೋಡಿದ.

"ನನ್ನ ಮುಖ ಯಾಕೋ ನೋಡ್ತೀಯಾ?" ಅಂದರು ಅತ್ತೆ. "ಯಜಮಾನ ಹೇಳಿದ್ದು ಕೇಳಿಸ್ಲಿಲ್ವಾ?"

ನನ್ನ ಗಂಡ ಕೂತ. ರೆಲ್ಯಾ ಮೊದಲು ಒಂದು ಚಮಚ ಗೋಧಿ ಮುಂದಿಟ್ಟ, ಆಮೇಲೆ ಒಂದು ಲೋಟ ರಾಕಿಯಾ. ಬಿಸಿ ಮಾಡಿದ ಸಾರ್ಮಾ ತಂದ. ಬೊರಿಶಾ ತಿಂದು ಮುಗಿಸುವವರೆಗೂ ಅವನ ಬಲಗಡೆ ನಿಂತು, ತಟ್ಟೆ ಖಾಲಿಯಾದ ಹಾಗೆಲ್ಲ ಬಡಿಸಿದ.